ತೋಟದ ಟಾರ್ಚಿಗೆ ಯಾವ ಸೆಲ್: ಪ್ರೊಟೆಕ್ಟೆಡ್ಡಾ, ಬರಿ ಸೆಲ್ಲಾ?

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತೇ ಬರುತ್ತದೆ. ಕತ್ತಲಲ್ಲಿ ಹಾವು ತುಳಿಯಬಾರದಲ್ವಾ, ಅದಕ್ಕೇ ಒಳ್ಳೆ ಟಾರ್ಚ್ ತಗೊಂಡೆ. ಟರ್ಬೊದಲ್ಲಿ, ಅಂದರೆ ಅತಿ ಜೋರು ಬೆಳಕಿನಲ್ಲಿ, 6 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದಕ್ಕೆ ಎರಡು ಥರದ 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್) ಹಾಕಿ ಒಂದು ಬೇಸಿಗೆ ಪೂರ್ತಿ ನೋಡಿದೆ.

ಮೊದಲು ಪ್ರೊಟೆಕ್ಟೆಡ್, 3400 ಎಂಎಎಚ್ (ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಲೆಕ್ಕ). ಇದರ ಮೈನಸ್ ತುದಿಗೆ ನಾಣ್ಯದಷ್ಟು ಸರ್ಕ್ಯೂಟ್ ಬೋರ್ಡ್ ಅಂಟಿಸಿರುತ್ತಾರೆ. ಶಾರ್ಟ್ ಆದರೆ, ಚಾರ್ಜ್ ಮಿತಿ ಮೀರಿದರೆ, ತೀರಾ ಖಾಲಿಯಾದರೆ ಅದು ಲೈನ್ ಕಟ್ ಮಾಡುತ್ತದೆ. ಬರಿ ಸೆಲ್ 65 ಮಿಲಿಮೀಟರ್ ಉದ್ದ. ಬೋರ್ಡು, ಪ್ಲಸ್ ತುದಿಯ ಉಬ್ಬು ಸೇರಿ ಇದು 69 ಇತ್ತು. ಟಾರ್ಚಿನ ಮುಚ್ಚಳ ಒತ್ತಿ ಹಿಡಿದೇ ತಿರುಗಿಸಬೇಕು.

ಒಂದು ರಾತ್ರಿ ಗೇಟ್‌ವಾಲ್ವ್ ಹತ್ತಿರ ಏನೋ ಸರಸರ ಅಂತು. ಟರ್ಬೊ ಒತ್ತಿದೆ. ನಾಲ್ಕೈದು ಸೆಕೆಂಡು ಹಗಲಾಯ್ತು, ಆಮೇಲೆ ಫಟ್ ಅಂತ ಕಗ್ಗತ್ತಲು. ಕಾಲು ಎತ್ತಲೂ ಭಯ, ಇಡಲೂ ಭಯ. ಆಫ್ ಮಾಡಿ ಮತ್ತೆ ಲೋದಲ್ಲಿ (ಮಂದ ಬೆಳಕಿನಲ್ಲಿ) ಹಾಕಿದರೆ ಹತ್ತಿತು! ಸೆಲ್ ಅರ್ಧ ಖಾಲಿಯಾಗಿತ್ತು ಅಷ್ಟೇ. ಅಷ್ಟು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಬೋರ್ಡಿಗೆ ಸೆಲ್ ಮುಗಿದೇ ಹೋಯ್ತು ಅನ್ನಿಸುತ್ತದೆ.

ಆಮೇಲೆ ಬೋರ್ಡಿಲ್ಲದ ಸ್ಯಾಮ್‌ಸಂಗ್ 25ಆರ್ ತಂದೆ. 2500 ಎಂಎಎಚ್ ಅಷ್ಟೇ, ಆದರೆ 20 ಆಂಪಿಯರ್ ತನಕ ಕೊಡಬಲ್ಲದು. ಲೋದಲ್ಲಿ 3400ರದ್ದೇ ಜಾಸ್ತಿ ಹೊತ್ತು ಬರುತ್ತದೆ, ಸುಳ್ಳು ಹೇಳಲ್ಲ. ಟರ್ಬೊದಲ್ಲಿ ಮಾತ್ರ ಇದು ಒಮ್ಮೆಯೂ ಕೈ ಕೊಡಲಿಲ್ಲ. ನನ್ನ ಟಾರ್ಚಿಗೆ ಅದರದ್ದೇ ಕಟ್‌ಆಫ್ ಇದೆ. ಸೆಲ್ ಇಳಿದರೆ ಮೊದಲು ಮಿಣುಕಿ ಹೇಳುತ್ತದೆ, ಆಮೇಲೆ ತಾನೇ ಆರುತ್ತದೆ.

ಆ ಧೈರ್ಯದಲ್ಲಿ ಇನ್ನೊಂದು 25ಆರ್ ಅಪ್ಪನ ಹಳೇ ಟಾರ್ಚಿಗೆ ಹಾಕಿಕೊಟ್ಟೆ. ಅದಕ್ಕೆ ಕಟ್‌ಆಫ್ ಇಲ್ಲ. ಅಪ್ಪ ಆಫ್ ಮಾಡದೆ ಮಂಚದ ಕೆಳಗಿಟ್ಟು ಮಲಗಿದರು. ಬೆಳಿಗ್ಗೆ ಮಲ್ಟಿಮೀಟರ್ ಹಿಡಿದರೆ 1.4 ವೋಲ್ಟ್. 2.5ಕ್ಕಿಂತ ಕೆಳಗೆ ಬಿಡಬಾರದ ಸೆಲ್ ಅದು. ಅಷ್ಟು ಇಳಿದರೆ ಒಳಗಿನ ತಾಮ್ರ ಅಲ್ಲಿನ ದ್ರವದಲ್ಲಿ ಕರಗತೊಡಗಬಹುದು, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. ಟೇಪ್ ಸುತ್ತಿ ಎತ್ತಿಟ್ಟೆ. ತಪ್ಪು ಸೆಲ್ಲಿನದಲ್ಲ, ನನ್ನದು.

ಈ ನಡುವೆ ದಾವಣಗೆರೆಯ ಒಂದು ಅಂಗಡಿಯವನು 9900 ಎಂಎಎಚ್ ಅಂತ ಬರೆದ ಸೆಲ್ಲನ್ನೂ ದಾಟಿಸಿದ್ದ. ತಕ್ಕಡಿಗೆ ಹಾಕಿದರೆ 29 ಗ್ರಾಂ. 25ಆರ್ 45 ಗ್ರಾಂ ತೂಗುತ್ತದೆ. ಈ ಅಳತೆಯ ಸೆಲ್ಲಿನಲ್ಲಿ 9900 ಹಿಡಿಸುವುದೇ ಇಲ್ಲ, ಸುಮ್ನೆ ಅಂಕಿ.

ಈಗ ನನ್ನ ಟಾರ್ಚಿಗೆ 25ಆರ್. ಬಿಡಿ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯುತ್ತೇನೆ, ಪಂಪ್‌ಹೌಸ್ ಬೀಗದ ಕೈ ಇರುವ ಜೇಬಿಗೆ ಹಾಕುವುದಿಲ್ಲ. ಬೀಗದ ಕೈ ಎರಡೂ ತುದಿಗೆ ತಾಗಿದರೆ ಅದನ್ನು ತಡೆಯುವ ಬೋರ್ಡ್ ಇದರಲ್ಲಿಲ್ಲ. ಪ್ರೊಟೆಕ್ಟೆಡ್ ಸೆಲ್ ಅಪ್ಪನ ಟಾರ್ಚಿಗೆ ಹೋಯ್ತು. ಅದು ಎಳೆಯುವುದೇ ಒಂದು ಆಂಪಿಯರ್, ಅರ್ಧದಲ್ಲೇ ಕಟ್ ಆಗುವ ಪ್ರಶ್ನೆಯೇ ಇಲ್ಲ. ಮುಚ್ಚಳ ಬಿಗಿ ಅಂತ ಮಾತ್ರ ದಿನಾ ಬೈಗುಳ.