ಬ್ಯಾಡಗಿಯ ಕಚೇರಿಗೆ ಪಡೆದ ಲೀಸ್ಡ್ ಲೈನ್: ರಿವರ್ಸ್ ಡಿಎನ್‌ಎಸ್ ಸೇವೆಯ ವಿಮರ್ಶೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ವ್ಯಾಪಾರಿ ಸಂಸ್ಥೆಯ ಮೇಲ್ ಸರ್ವರನ್ನು ನಾನು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇನೆ. ಎರಡು ವರ್ಷಗಳ ಹಿಂದೆ ಅವರಿಗೆ 16 ಐಪಿ ವಿಳಾಸಗಳ (ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಅಂಕಿಗಳು) ಸಹಿತ ಲೀಸ್ಡ್ ಲೈನ್, ಅಂದರೆ ಅವರಿಗಷ್ಟೇ ಮೀಸಲಾದ ಇಂಟರ್ನೆಟ್ ಸಂಪರ್ಕ ಕೊಡಿಸಿದ್ದೆ. ವೇಗದ ಬಗ್ಗೆ ದೂರಿಲ್ಲ. ಮಳೆಗಾಲದಲ್ಲೂ ಲೈನ್ ಕಡಿದದ್ದು ಅಪರೂಪ. ನನ್ನ ಅಸಮಾಧಾನವಿರುವುದು ರಿವರ್ಸ್ ಡಿಎನ್‌ಎಸ್, ಅಂದರೆ ಐಪಿ ವಿಳಾಸದಿಂದ ಅದರ ಹೆಸರು ಹುಡುಕುವ ವ್ಯವಸ್ಥೆಯ ವಿಷಯದಲ್ಲಿ.

ಈ ಸಲ ಮೆಣಸಿನಕಾಯಿ ಆವಕ ಜೋರಾಗಿದ್ದ ಹೊತ್ತಿನಲ್ಲೇ ಖರೀದಿದಾರರಿಗೆ ಕಳಿಸಿದ ದರಪಟ್ಟಿಗಳು ಒಂದೊಂದಾಗಿ ವಾಪಸು ಬರತೊಡಗಿದವು. ಕಳಿಸಿದ ಐಪಿಗೆ ಪಿಟಿಆರ್ ದಾಖಲೆ (ಆ ಐಪಿಯ ಹೆಸರೇನೆಂದು ಹೇಳುವ ನಮೂದು) ಇಲ್ಲವೆಂಬುದೇ ಪ್ರತಿಯೊಂದರಲ್ಲಿದ್ದ ಕಾರಣ. ಜಿಮೇಲ್ 2024ರ ಫೆಬ್ರುವರಿಯಿಂದ ತನಗೆ ಮೇಲ್ ಕಳಿಸುವವರೆಲ್ಲರಿಗೂ ಈ ದಾಖಲೆಯನ್ನು ಕಡ್ಡಾಯ ಮಾಡಿದೆ. ನಮ್ಮ ದಾಖಲೆ ಸರಿಯಾಗಿಯೇ ಇತ್ತು. ಆದರೆ ಲೈನ್ ಕೊಟ್ಟ ಕಂಪನಿ ತನ್ನ ಹಳೆಯ ನೇಮ್‌ಸರ್ವರ್‌ಗಳನ್ನು (ಇಂಥ ದಾಖಲೆಗಳನ್ನಿಟ್ಟುಕೊಂಡು ಕೇಳಿದವರಿಗೆ ಉತ್ತರಿಸುವ ಸರ್ವರ್‌ಗಳು) ನಿಲ್ಲಿಸಿ ಹೊಸವನ್ನು ಹಾಕಿಕೊಂಡಿದ್ದರೂ ಐಪಿ ವಿಳಾಸಗಳ ಲೆಕ್ಕವಿಡುವ ರಿಜಿಸ್ಟ್ರಿಯಲ್ಲಿ ಹಳೆಯ ಹೆಸರುಗಳನ್ನೇ ಬಿಟ್ಟಿತ್ತು; ಹಾಗಾಗಿ ಹುಡುಕಿದವರಿಗೆ ನಮ್ಮ ದಾಖಲೆ ಸಿಗುತ್ತಿರಲಿಲ್ಲ.

ಡೊಮೇನ್ ಹೆಸರಿನ ನೇಮ್‌ಸರ್ವರನ್ನು ಕೊಂಡವರೇ ಬದಲಿಸಿಕೊಳ್ಳಬಹುದು; ಐಪಿಯಿಂದ ಹೆಸರು ಹುಡುಕುವ ದಾರಿಗೆ ಆ ಸ್ವಾತಂತ್ರ್ಯವಿಲ್ಲ. 203.0.113 ಎಂದು ಆರಂಭವಾಗುವ ವಿಳಾಸಗಳಿಗೆ ಆ ಅಂಕಿಗಳನ್ನು ಹಿಂದುಮುಂದಾಗಿಸಿ 113.0.203 ಎಂದು ಬರೆದು 'in-addr.arpa' ಸೇರಿಸಿದ ವಲಯ, ಅಂದರೆ ಅವುಗಳ ದಾಖಲೆಗಳಿರುವ ಡಿಎನ್‌ಎಸ್ ವಿಭಾಗ ಇರುತ್ತದೆ. ಏಷ್ಯಾ-ಪೆಸಿಫಿಕ್ ಪ್ರದೇಶದ ಇಂಥ ವಲಯಗಳನ್ನು ಬ್ರಿಸ್ಬೇನಿನ ಎಪಿನಿಕ್ ಎಂಬ ಪ್ರಾದೇಶಿಕ ರಿಜಿಸ್ಟ್ರಿ ನಿರ್ವಹಿಸುತ್ತದೆ. ಭಾರತದಲ್ಲಿ ನಿಕ್ಸಿಯ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಅಂಗವಾದ ಐಆರ್‌ಐಎನ್‌ಎನ್ ರಾಷ್ಟ್ರೀಯ ರಿಜಿಸ್ಟ್ರಿಯಾಗಿದೆ. ವಿಳಾಸಗಳ ಗುಂಪು ಯಾರ ಹೆಸರಿನಲ್ಲಿದೆಯೋ ಅವರು ಅಥವಾ ಅವರಿಂದ ಅಧಿಕಾರ ಪಡೆದವರು ಮಾತ್ರ ಅದರ ನೇಮ್‌ಸರ್ವರ್ ಬದಲಿಸಬಹುದು. ಯಾರು ಬೇಕಾದರೂ ಪರರ ಐಪಿಗೆ ಸುಳ್ಳು ಹೆಸರು ಅಂಟಿಸುವಂತಾಗಬಾರದು ಎಂಬ ಕಾರಣಕ್ಕೆ ಈ ಬಿಗಿ ನನಗೆ ಒಪ್ಪಿಗೆಯೇ. ಜೊತೆಗೆ ಐಪಿವಿ4ರಲ್ಲಿ (ಚುಕ್ಕಿಯಿಟ್ಟು ಬರೆಯುವ ಈ ವಿಳಾಸ ಪದ್ಧತಿ) ಈ ವಲಯ ಅಂಕಿಗಳ ನಡುವಿನ ಚುಕ್ಕಿಯಲ್ಲೇ ತುಂಡಾಗುವುದರಿಂದ 256 ವಿಳಾಸಗಳಿಗಿಂತ ಚಿಕ್ಕ ಗುಂಪಿನ ವಲಯವನ್ನು ರಿಜಿಸ್ಟ್ರಿಯಲ್ಲಿ ಬೇರೆಯಾಗಿ ನಮೂದಿಸಲಾಗದು. ನಮ್ಮ 16 ವಿಳಾಸಗಳ ಕೀಲಿ ಎಂದಿಗೂ ಕಂಪನಿಯ ಕೈಯಲ್ಲೇ.

ಆ ಕೀಲಿ ಎಲ್ಲಿದೆಯೆಂದು ಕಂಪನಿಗೇ ತಿಳಿದಿರಲಿಲ್ಲ. "ಸರ್, ನಿಮ್ಮ ಡೊಮೇನ್ ಕೊಟ್ಟವ್ರನ್ನ ಕೇಳ್ರಿ" ಎಂದು ಸಹಾಯವಾಣಿಯವರು ನನ್ನ ದೂರನ್ನು ಮೂರು ಸಲ ಮುಚ್ಚಿದರು. ರಿಜಿಸ್ಟ್ರಿ ಖಾತೆಯ ಪಾಸ್‌ವರ್ಡ್ ಇದ್ದ ನೌಕರ ಕೆಲಸ ಬಿಟ್ಟಿದ್ದನಂತೆ. ಹನ್ನೊಂದನೆಯ ದಿನ ಕೊನೆಗೂ ಸಿಕ್ಕ ಒಬ್ಬ ಎಂಜಿನಿಯರ್, ಹೊಸ ಸರ್ವರ್‌ಗಳೆರಡೂ ವಲಯಕ್ಕೆ ಉತ್ತರಿಸುತ್ತಿವೆಯೇ ಎಂದು ನನ್ನೆದುರೇ ಪರೀಕ್ಷಿಸಿ, ಹೆಸರು ತಿದ್ದಿ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದರು. ಮರುದಿನ ದರಪಟ್ಟಿಗಳು ತಲುಪಿದವು. ಅಷ್ಟರಲ್ಲಿ ಇಬ್ಬರು ಖರೀದಿದಾರರು ಬೇರೆ ಕಡೆ ಮಾತು ಮುಗಿಸಿದ್ದರು.

ಕರಾರು ನವೀಕರಿಸುವಾಗ, ನೇಮ್‌ಸರ್ವರ್ ಬದಲಿಸುವ ಮುನ್ನ ನಮಗೆ ತಿಳಿಸಬೇಕು, ಪಿಟಿಆರ್ ಕೋರಿಕೆಯನ್ನು ಎರಡು ಕೆಲಸದ ದಿನಗಳಲ್ಲಿ ಮುಗಿಸಬೇಕು ಎಂದು ಬರೆಸಿದ್ದೇನೆ. ತಕರಾರಿಲ್ಲದೆ ಸಹಿ ಹಾಕಿದರು. ಲೈನಿಗೆ ಐದರಲ್ಲಿ ನಾಲ್ಕು, ರಿವರ್ಸ್ ಡಿಎನ್‌ಎಸ್ ಸೇವೆಗೆ ಒಂದೂವರೆ ಅಂಕ.