ಕಾರಿನಲ್ಲಿ ಹೋಗಿ ಕೊಂಕಣ ರೈಲು ನೋಡಲು: ಭಟ್ಕಳದಿಂದ ಗೋಕರ್ಣ ರೋಡ್‌ವರೆಗೆ

ಕೊಂಕಣ ರೈಲು ಹತ್ತಿದವರಿಗೆ ಕಿಟಕಿಯಲ್ಲಿ ಎಲ್ಲವೂ ಕಾಣುತ್ತದೆ, ರೈಲೊಂದು ಬಿಟ್ಟು. ಅದನ್ನು ನೋಡಬೇಕಾದರೆ ಹೊರಗೆ ನಿಲ್ಲಬೇಕು. ನಮ್ಮ ಉತ್ತರ ಕನ್ನಡದಲ್ಲಿ ಇದಕ್ಕೆ ಕಾರೇ ಸರಿ. ಹಳಿಯೂ 66ನೇ ಹೆದ್ದಾರಿಯೂ ಬಹಳ ದೂರ ಅಗಲುವುದಿಲ್ಲ. ರೈಲು ತಡ ಅಂತ ಗೊತ್ತಾದರೆ ಮುಂದಿನ ಜಾಗಕ್ಕೆ ಹೋದರಾಯಿತು. ನಾನು ಹೋಗುವುದು ಅಪ್ಪನ ಜೊತೆ. ಅವರು ಇದೇ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು.

ಎಲ್ಲಕ್ಕಿಂತ ಮೇಲು ಹೊನ್ನಾವರ. ಶರಾವತಿಯ ಮೇಲಿನ ರೈಲು ಸೇತುವೆ 2,065 ಮೀಟರ್ ಉದ್ದ. ಕೊಂಕಣ ರೈಲ್ವೆಯಲ್ಲಿ ಇದಕ್ಕಿಂತ ಉದ್ದದ್ದು ಇಲ್ಲ. ಇಂಜಿನ್‌ನಿಂದ ಕೊನೇ ಡಬ್ಬಿಯವರೆಗೆ ಇಡೀ ಗಾಡಿ ನೀರಿನ ಮೇಲೆ ಒಟ್ಟಿಗೆ ಕಾಣುತ್ತದೆ, ಆದರೂ ಹಿಂದೆ ಮುಂದೆ ಸೇತುವೆ ಇನ್ನೂ ಉಳಿದಿರುತ್ತದೆ! ಹೆದ್ದಾರಿ ಸೇತುವೆಯ ಮೇಲೆ ಮಾತ್ರ ಕಾರು ನಿಲ್ಲಿಸಬೇಡಿ. ನದಿಯ ದಕ್ಷಿಣಕ್ಕಿರುವ ಕಾಸರಕೋಡು ಕಡೆ ಇಳಿದು, ಎರಡೂ ಸೇತುವೆಗಳ ನಡುವಿನ ದಂಡೆಗೆ ಬನ್ನಿ. ರೈಲು ಸೇತುವೆ ಇರುವುದು ಪೂರ್ವಕ್ಕೆ. ಬೆಳಗ್ಗೆ ಸೂರ್ಯ ಅದರ ಹಿಂದಿರುತ್ತಾನೆ, ಗಾಡಿ ಬರೀ ಕಪ್ಪಗೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನಮ್ಮ ಬೆನ್ನಿಗೆ ಬರುತ್ತದೆ. ಮುಂಬೈಗೆ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಆ ಬೆಳಕಿನಲ್ಲಿ ದಾಟುವುದನ್ನು ಒಮ್ಮೆ ನೋಡಬೇಕು.

ಅಪ್ಪನಿಗೆ ಮತ್ಸ್ಯಗಂಧ ಬೇಡ, ರೋರೋ ಬೇಕು. ಲೋಡ್ ಆದ ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿಕೊಂಡು ಹೋಗುವ ಗಾಡಿ ಅದು. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಗಿ, ಆಮೇಲೆ ಸುರತ್ಕಲ್‌ವರೆಗೂ ಬಂತು. ಡ್ರೈವರ್, ಕ್ಲೀನರ್ ತಮ್ಮ ಲಾರಿಯಲ್ಲೇ ಕೂತಿರುತ್ತಾರೆ. ಅಪ್ಪ ಒಂದೊಂದೇ ಲಾರಿಯ ಟಾರ್ಪಾಲು, ಹಗ್ಗ ನೋಡುತ್ತಾರೆ. "ಇವ್ರಿಗೆ ಒಂದು ರಾತ್ರಿ ನಿದ್ದೆನಾದ್ರೂ ಸಿಗ್ತದೆ" ಅನ್ನುತ್ತಾರೆ. ಆ ಗಾಡಿ ಕಂಡರೆ ಅವರಿಗಾಗುವ ಖುಷಿಗೇ ನಾನು ಇಷ್ಟು ದೂರ ಡ್ರೈವ್ ಮಾಡುತ್ತೇನೆ.

ಪ್ರಯಾಣಿಕರ ಗಾಡಿಗಳು 'ವೇರ್ ಈಸ್ ಮೈ ಟ್ರೇನ್' ಆ್ಯಪ್‌ನಲ್ಲಿ ಸಿಗುತ್ತವೆ. ರೋರೋ, ಗೂಡ್ಸ್ ಸಿಗುವುದಿಲ್ಲ. ಅವಕ್ಕೆ ಸ್ಟೇಷನ್ನೇ ಒಳ್ಳೆಯದು. ಇಲ್ಲಿರುವುದು ಒಂದೇ ಹಳಿ ಅಲ್ವಾ, ಎದುರು ಗಾಡಿ ಬರುವಾಗ ಒಂದು ಗಾಡಿ ಸ್ಟೇಷನ್ನಿನಲ್ಲಿರುವ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಸರಿದು ನಿಲ್ಲಲೇಬೇಕು. ಮುರ್ಡೇಶ್ವರ ಸ್ಟೇಷನ್ ಹೆದ್ದಾರಿಗೆ ಹತ್ತಿರ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ನೆಮ್ಮದಿಯಾಗಿ ಕೂರಬಹುದು. ನನಗೆ ಗೋಕರ್ಣ ರೋಡ್ ಸ್ಟೇಷನ್ ಜಾಸ್ತಿ ಇಷ್ಟ. ಊರು ದೂರ, ಜನ ಕಡಿಮೆ, ಸುತ್ತ ಹಸಿರು. ಊಟ ಮಾತ್ರ ಕುಮಟಾದಲ್ಲೇ ಮುಗಿಸಿಕೊಂಡು ಹೋಗಿ. ಭಟ್ಕಳ ಸ್ಟೇಷನ್ ಪರವಾಗಿಲ್ಲ, ಅದಕ್ಕಾಗಿಯೇ ಹೋಗಬೇಕಾಗಿಲ್ಲ.

ಮಳೆಗಾಲದಲ್ಲಿ ವೇಳಾಪಟ್ಟಿಯೇ ಬೇರೆ, ಗಾಡಿಗಳ ವೇಗವೂ ಕಡಿಮೆ. ನೋಡುವವರಿಗೆ ಅದು ಲಾಭವೇ. ಆದರೆ ಗುಡ್ಡ ಕಡಿದ ಜಾಗದ ಕೆಳಗೆ ಕಾರು ನಿಲ್ಲಿಸಬೇಡಿ. ಅಂಕೋಲಾ ಹತ್ತಿರದ ಶಿರೂರಿನಲ್ಲಿ 2024ರ ಜುಲೈನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಹಾಗೆಯೇ ಹಳಿಗೆ ಇಳಿಯುವುದು, ಸುರಂಗದ ಬಾಯಿಗೆ ಹೋಗುವುದು ಬೇಡವೇ ಬೇಡ. 2022ರಿಂದ ಇಡೀ ಮಾರ್ಗಕ್ಕೆ ಕರೆಂಟ್ ಬಂದಿದೆ. ಡೀಸೆಲ್ ಇಂಜಿನ್ನಿನ ಹಾಗೆ ದೂರದಿಂದಲೇ ಸದ್ದು ಕೇಳಿಸುವುದಿಲ್ಲ.

ಒಂದೇ ದಿನ ಇರುವವರು ಬೆಳಗ್ಗೆ ಗೋಕರ್ಣ ರೋಡ್ ನೋಡಿ, ಕುಮಟಾದಲ್ಲಿ ಊಟ ಮಾಡಿ, ಮೂರು ಗಂಟೆಯೊಳಗೆ ಕಾಸರಕೋಡು ಸೇರಿಕೊಳ್ಳಿ. ವಯಸ್ಸಾದವರಿದ್ದರೆ ಮಡಚುವ ಕುರ್ಚಿ ಒಯ್ಯಿರಿ, ದಂಡೆಯಲ್ಲಿ ಕೂರಲು ಏನೂ ಇಲ್ಲ.