ಸಿಹಿನೀರಿನ ಟ್ಯಾಂಕನ್ನ ಉಪ್ಪುನೀರಿಗೆ ತಿರುಗಿಸೋದು: ಸ್ವಲ್ಪಸ್ವಲ್ಪವಾಗಿ ಉಪ್ಪೇರಿಸೋದಾ, ಪೂರ್ತಿ ಖಾಲಿ ಮಾಡೋದಾ?

ಮೊದಲೇ ಹೇಳ್ಬಿಡ್ತೀನಿ, ನಂಗೆ ಸರಿ ಹೋಗಿದ್ದು ಖಾಲಿ ಮಾಡಿ ಹೊಸದಾಗಿ ಶುರು ಮಾಡಿದ್ದೇ. ಆದ್ರೆ ಅದು ತಲೆಗೆ ಹೋಗೋಕೆ ಮುಂಚೆ ಇನ್ನೊಂದು ದಾರೀಲಿ ಎರಡು ತಿಂಗಳು ಒದ್ದಾಡಿದೀನಿ, ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ಬರೀತಿದೀನಿ.

ಮೊದಲನೇ ಟ್ಯಾಂಕು 80 ಲೀಟರಿಂದು, ಮೂರು ವರ್ಷ ಚೆನ್ನಾಗಿ ಓಡಿದ್ದು. ಮೀನಿನ ಗಲೀಜಿಂದ ಹುಟ್ಟೋ ಅಮೋನಿಯಾ ಅನ್ನೋ ವಿಷಾನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ಗಟ್ಟಿಯಾಗಿ ಕೂತಿದೆಯಲ್ಲ, ಅದನ್ನ ಯಾಕೆ ಸುಮ್ನೆ ಎಸೀಬೇಕು ಅಂತ ನನ್ನ ಲೆಕ್ಕ. ಟೆಟ್ರಾ, ಕೋರಿಡೋರಸ್ ಮೀನೆಲ್ಲ ಫ್ರೆಂಡಿಗೆ ಕೊಟ್ಟೆ, ಗಿಡ ಕಿತ್ತೆ, ನಾಲ್ಕು ಮೋಲಿ ಮೀನು ಮಾತ್ರ ಬಿಟ್ಕೊಂಡೆ, ಯಾಕಂದ್ರೆ ನಿಧಾನವಾಗಿ ಒಗ್ಗಿಸಿದ್ರೆ ಮೋಲಿ ಸಮುದ್ರದಷ್ಟು ಉಪ್ಪಲ್ಲೂ ಬದುಕುತ್ತೆ. ವಾರಕ್ಕೊಂದ್ಸಲ ನೀರು ಬದಲಾಯಿಸುವಾಗ ಬಕೆಟ್ಟಲ್ಲಿ ಮರೀನ್ ಸಾಲ್ಟ್ ಕಲಸಿ ಹಾಕ್ತಾ, ಸ್ಪೆಸಿಫಿಕ್ ಗ್ರಾವಿಟಿನ (ಉಪ್ಪಿಂದ ನೀರು ಎಷ್ಟು ಭಾರ ಆಗಿದೆ ಅನ್ನೋ ಅಳತೆ, ಸಿಹಿನೀರು 1.000, ಸಮುದ್ರ ಸುಮಾರು 1.025) ಪ್ರತಿ ಸಲ 0.003ರಷ್ಟು ಏರಿಸ್ತಾ ಹೋದೆ. ಅಡುಗೆ ಉಪ್ಪು ನಡೆಯಲ್ಲ, ಅದ್ರಲ್ಲಿರೋದು ಸೋಡಿಯಂ ಕ್ಲೋರೈಡ್ ಅಷ್ಟೇ, ಕ್ಯಾಲ್ಸಿಯಂ ಮೆಗ್ನೀಸಿಯಂ ಬೈಕಾರ್ಬೊನೇಟ್ ಎಲ್ಲಾ ಬೇಕಾಗುತ್ತೆ.

ಮೂರು ವಾರ ಏನೂ ಆಗ್ಲಿಲ್ಲ, ನಾನೂ ಬೀಗ್ತಿದ್ದೆ. 1.010 ಹತ್ರ ಬಂದಾಗ ಒಂದಿನ ಬೆಳಿಗ್ಗೆ ಮೋಲಿಗಳು ಮೇಲ್ಗಡೆ ಬಾಯಿ ಬಡೀತಾ ಇದ್ವು, ಟೆಸ್ಟ್ ಮಾಡಿದ್ರೆ ಅಮೋನಿಯಾ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು). ಜಲ್ಲಿ ಕೆದಕಿದ್ರೆ ಕೊಳೆತ ವಾಸನೆ, ಒಳಗೆ ಸಣ್ಣ ಬಸವನಹುಳಗಳು ರಾಶಿ ಸತ್ತು ಬಿದ್ದಿವೆ, ಅವು ಅಲ್ಲಿವೆ ಅನ್ನೋದೇ ನಂಗೆ ಮರ್ತೋಗಿತ್ತು. ಅದೇ ಹೊತ್ತಿಗೆ ನಾನು ನಂಬ್ಕೊಂಡಿದ್ದ ಬ್ಯಾಕ್ಟೀರಿಯಾನೂ ಉಪ್ಪಿಗೆ ಸುಸ್ತು ಹೊಡೆದಿತ್ತು. ಸಿಹಿನೀರಲ್ಲಿ ಕೆಲಸ ಮಾಡೋವು ಬೇರೆ, ಸಮುದ್ರದ ನೀರಲ್ಲಿ ಮಾಡೋವು ಬಹುಪಾಲು ಬೇರೆ, ಅಂದ್ರೆ ಯಾವುದನ್ನ ಉಳಿಸೋಕೆ ಅಂತ ಈ ದಾರಿ ಹಿಡಿದ್ನೋ ಅದೇ ಉಳೀಲಿಲ್ಲ. ಇನ್ನೊಂದು ವಿಷಯ, ಉಪ್ಪುನೀರಿನ ಪಿಎಚ್ 8.1ರಿಂದ 8.4ರವರೆಗೆ ಇರುತ್ತೆ, ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಜಾಸ್ತಿ ವಿಷ. ದಿನಾ ನೀರು ಬದಲಾಯಿಸಿ ಹೆಂಗೋ ಮೋಲಿಗಳನ್ನ ಉಳಿಸ್ಕೊಂಡೆ.

ಕೊನೆಗೆ 1.025 ಮುಟ್ತು, ಆದ್ರೆ ಹಳೇ ಜಲ್ಲಿ ತುಂಬ ಮೂರು ವರ್ಷದ ಕೊಳೆ, ನೈಟ್ರೇಟ್ ಇಳೀತಾನೇ ಇಲ್ಲ, ಗಾಜಿನ ಮೇಲೆಲ್ಲ ಹಸಿರು ಕೂದಲಂಥ ಪಾಚಿ. ಒಂದು ಹರ್ಮಿಟ್ ಏಡಿ ಬಿಟ್ಟೆ, ಎರಡನೇ ದಿನಕ್ಕೆ ಸತ್ತೋಯ್ತು. ಆಮೇಲೆ ನೆನಪಾಯ್ತು, ಹಿಂದೆ ಬಿಳಿಚುಕ್ಕೆ ರೋಗಕ್ಕೆ ಅದೇ ಟ್ಯಾಂಕಿಗೆ ಕಾಪರ್ ಔಷಧಿ ಹಾಕಿದ್ದೆ. ಕಾಪರ್ ಕಲ್ಲಲ್ಲಿ, ಜಲ್ಲೀಲಿ ಸೇರ್ಕೊಂಡು ಕೂತು ಆಮೇಲೆ ಬಿಡ್ತಾ ಇರುತ್ತೆ, ಮೀನು ತಡ್ಕೋಬಹುದು, ಏಡಿ ಸಿಗಡಿ ಹವಳಕ್ಕೆ ಸ್ವಲ್ಪ ಇದ್ರೂ ಕಷ್ಟ. ಏಡಿ ಸತ್ತಿದ್ದು ಅದ್ರಿಂದಾನೇ ಅಂತ ಆಣೆ ಮಾಡಲ್ಲ, ಆದ್ರೆ ನನ್ನ ಅನುಮಾನ ಅಲ್ಲೇ.

ಎರಡನೇದು 120 ಲೀಟರಿನ ಟ್ಯಾಂಕು, ಅದಕ್ಕೆ ಔಷಧಿ ಸೋಕಿಸೇ ಇರ್ಲಿಲ್ಲ. ಈ ಸಲ ಜಲ್ಲಿ, ಸ್ಪಂಜು, ಅಲಂಕಾರದ ಮರದ ತುಂಡು ಎಲ್ಲ ಹೊರಗೆ. ಗಾಜು ವಿನೆಗರ್ ಹಾಕಿ ಉಜ್ಜಿ ತೊಳೆದೆ, ಹೀಟರ್ ಉಳಿಸ್ಕೊಂಡೆ, ಕಬ್ಬಿಣದ ಕ್ಲಾಂಪಿದ್ದ ಲೈಟ್ ತೆಗೆದೆ (ಮೊದಲನೇ ಟ್ಯಾಂಕಲ್ಲಿ ಅದು ತುಕ್ಕು ಹಿಡಿದು ನೀರಿಗೆ ಉದುರ್ತಿತ್ತು). ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು, ಒಣ ಕಲ್ಲು, ಅಲೆಗೆ ಒಂದು ಪವರ್‌ಹೆಡ್ ಪಂಪು ಹಾಕ್ದೆ. ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂಗಿಂತ ಸ್ವಲ್ಪ ಜಾಸ್ತಿ ಸಾಲ್ಟ್ ಹಾಕಿ ಒಂದು ದಿನ ಬೇರೆ ಡ್ರಮ್ಮಲ್ಲಿ ತಿರುಗಿಸಿ ತುಂಬಿಸ್ದೆ. ಮೀನೇ ಇಲ್ಲ, ಹೊಸ ಬ್ಯಾಕ್ಟೀರಿಯಾ ಬೆಳೆಯೋಕೆ ಊಟ ಅಂತ ಬಾಟಲಿ ಅಮೋನಿಯಾ 2 ಪಿಪಿಎಂ ಬರೋ ಹಂಗೆ ಹಾಕಿ ಕಾದೆ. ಅಮ್ಮ ದಿನಾ ಕೇಳೋರು, "ಬರೀ ಉಪ್ಪುನೀರಿಗೆ ಲೈಟ್ ಹಾಕ್ಕೊಂಡು ಕೂತಿದೀಯಲ್ಲೋ, ಮೀನೆಲ್ಲಿ?" ಅಂತ. ಐದು ವಾರ ಆದ್ಮೇಲೆ, ಹಾಕಿದ ಅಮೋನಿಯಾ 24 ಗಂಟೇಲಿ ಸೊನ್ನೆ, ನೈಟ್ರೈಟೂ ಸೊನ್ನೆ. ಮಧ್ಯೆ ಡಯಾಟಮ್ ಅನ್ನೋ ಕಂದು ಪಾಚಿ ಪುಡಿ ಥರ ಬಂತು, ತಾನಾಗೇ ಹೋಯ್ತು. ಐದು ವಾರದಲ್ಲಿ ಒಂದು ಜೀವಾನೂ ಸಾಯ್ಲಿಲ್ಲ, ಯಾಕಂದ್ರೆ ಸಾಯೋಕೆ ಯಾವುದೂ ಇರ್ಲೇ ಇಲ್ಲ.

ಲೈವ್ ರಾಕ್ (ಬ್ಯಾಕ್ಟೀರಿಯಾ, ಜೀವಿಗಳು ಅಂಟ್ಕೊಂಡೇ ಬರೋ ಸಮುದ್ರದ ಕಲ್ಲು) ಹಾಕಿದ್ರೆ ಇನ್ನೂ ಬೇಗ ಆಗ್ತಿತ್ತು, ನಿಜ. ಆಮೇಲೆ ಫ್ರೆಂಡ್ ಒಂದು ತುಂಡು ಕೊಟ್ಟ, ಅದ್ರ ಜೊತೆ ಐಪ್ಟೇಸಿಯಾ ಅನ್ನೋ ಶನಿನೂ (ಕಳೆ ಥರ ಹರಡೋ ಸಣ್ಣ ಅನಿಮೋನಿ) ಬಂತು, ಒಂದು ಕಿತ್ರೆ ನಾಲ್ಕು ಹುಟ್ಟುತ್ತೆ. ನನ್ನ ಓಟು ಒಣ ಕಲ್ಲಿಗೇ.

ಅಳತೆ ವಿಷ್ಯದಲ್ಲಿ ಮಾತ್ರ ಹೋಲಿಕೇನೇ ಬೇಡ. ಉಪ್ಪು ಅಳೆಯೋ ಮುಳ್ಳಿನ ಹೈಡ್ರೋಮೀಟರ್ 1.025 ತೋರಿಸ್ತಿತ್ತು, ಬೆಳಕು ಬಾಗೋದನ್ನ ನೋಡಿ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರಲ್ಲಿ ನೋಡಿದ್ರೆ 1.021. ಹತ್ರ ಹಿಡಿದು ನೋಡಿದಾಗ ಮುಳ್ಳಿಗೆ ಸಾಸಿವೆಗಿಂತ ಚಿಕ್ಕ ಎರಡು ಗಾಳಿಗುಳ್ಳೆ ಅಂಟಿತ್ತು, ಅದೇ ಮುಳ್ಳನ್ನ ಮೇಲೆತ್ತಿಬಿಟ್ಟಿತ್ತು, ಬೆರಳಲ್ಲಿ ತಟ್ಟಿದ ತಕ್ಷಣ ಕೆಳಗಿಳೀತು. ರಿಫ್ರಾಕ್ಟೋಮೀಟರನ್ನೂ ಬರೀ ಆರ್‌ಒ ನೀರಿಗೆ ಸೊನ್ನೆ ಮಾಡಿ ಬಿಡ್ಬೇಡಿ, 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ದ್ರಾವಣದಲ್ಲಿ ಸೆಟ್ ಮಾಡಿ. ಆವಿಯಾಗಿ ನೀರು ಕಮ್ಮಿಯಾದ್ರೆ ಸಿಹಿನೀರೇ ಹಾಕ್ಬೇಕು, ಉಪ್ಪು ಆವಿಯಾಗಲ್ಲ, ಟ್ಯಾಂಕಲ್ಲೇ ಉಳ್ಕೊಳುತ್ತೆ. ನಾನು ಉಪ್ಪುನೀರು ತುಂಬಿಸಿ ತುಂಬಿಸಿ 1.029ಕ್ಕೆ ಹೋಗಿದ್ದೆ.

ಹಾಗಂತ ನಿಧಾನದ ದಾರಿ ಪೂರ್ತಿ ದಂಡ ಅಂತಲ್ಲ, ಮೋಲಿ ಒಂದೇ ಬೇಕು ಅನ್ನೋರಿಗೆ ಆಗುತ್ತೆ. 80 ಲೀಟರಿನದನ್ನ ಕೊನೆಗೆ ಬಿಚ್ಚಿಟ್ಟೆ, ಆ ನಾಲ್ಕು ಮೋಲಿ ಈಗ ದೊಡ್ಡ ಟ್ಯಾಂಕಲ್ಲಿ ಎರಡು ಕ್ಲೌನ್ ಮೀನಿನ ಜೊತೆ ಪಾಚಿ ಕೆರ್ಕೊಂಡು ಆರಾಮಾಗಿವೆ. ಮರಿಗಳನ್ನೂ ಹಾಕ್ತಿವೆ, ಕ್ಲೌನ್‌ಗಳು ಸಂಜೆಯೊಳಗೆ ಎಲ್ಲಾ ಖಾಲಿ ಮಾಡ್ತಿವೆ.